ನಮ್ಮ ಮನೆಯ ಖಾಲಿ ಸಾಲು

ಅಚ್ಚಿನವರು ಕಳಿಸಿದ ಕರಡಿನಲ್ಲಿ ನಮ್ಮ ಮನೆ ಇರಲಿಲ್ಲ. ಅದನ್ನು ಮೊದಲು ಕಂಡವರು ಅತಾ. ಅವರು ನನ್ನ ಮಾವನ ಅಣ್ಣ, ಕುಲದಲ್ಲಿ ಈಗ ಉಳಿದಿರುವವರಲ್ಲಿ ಎಲ್ಲರಿಗಿಂತ ಹಿರಿಯರು. ಗಂಡನ ಊರಾದ ಅತ್-ಬಾಶಿಯಿಂದ ಅವರ ಫೋನು ಬಂದಾಗ ನಾನು ಬಿಶ್ಕೆಕ್ಕಿನ ನಮ್ಮ ಕಚೇರಿಯಲ್ಲಿ ಕೂತು ಆರಿಹೋದ ಮಾಂಸದ ಸಂಸಾ ತಿನ್ನುತ್ತಿದ್ದೆ.

"ಸೊಸೆ, ಪುಸ್ತಕ ಬಂತು. ಮಗಳು ಫೋನಲ್ಲಿ ತೆಗೆದು ತೋರಿಸಿದಳು."

"ಸರಿಯಿದೆಯಾ ಅತಾ?"

"ತುಂಬ ಚೆನ್ನಾಗಿದೆ. ಕೆಳಗಿನ ಹಳ್ಳಿಯ ಕುದುರೆಕಳ್ಳರೆಲ್ಲ ಇದಾರೆ. ಅವರ ಮಕ್ಕಳು ಮೊಮ್ಮಕ್ಕಳು ಎಲ್ಲ ಇದಾರೆ. ನಾವಷ್ಟೇ ಇಲ್ಲ."

"ಯಾರಿಲ್ಲ?"

"ನಮ್ಮಪ್ಪ ಇಲ್ಲ. ಅವರಪ್ಪ ಇಲ್ಲ. ನಾನಿಲ್ಲ, ನಾನಿನ್ನೂ ಸತ್ತೂ ಇಲ್ಲ. ನಿನ್ ಗಂಡನೂ ಇಲ್ಲ. ಅವನ ಆಶ್‌ನಲ್ಲಿ ಹಂಚೋ ಪುಸ್ತಕದಲ್ಲಿ ಅವನೇ ಇಲ್ದೆ ಹೋದ್ರೆ, ಬಂದೋರು ಯಾರ ಊಟ ಉಣ್ತಿದೀವಿ ಅಂತ ಕೇಳ್ತಾರೆ."

ಅತಾ ದನಿ ಏರಿಸಲಿಲ್ಲ. ಅವರು ದನಿ ಏರಿಸದಿದ್ದರೆ ಸಿಟ್ಟು ಹೆಚ್ಚಿದೆ ಎಂದೇ ಅರ್ಥ.

ನನ್ನ ಗಂಡ ಕಳೆದ ಶರತ್ಕಾಲದಲ್ಲಿ ದೊಲೊನ್ ಘಾಟಿಯಲ್ಲಿ ಕಾರು ಮಗುಚಿ ಸತ್ತ. ಅವನ ಆಶ್, ವರ್ಷಕ್ಕೆ ಊರಿಗೆಲ್ಲ ಹಾಕುವ ತಿಥಿಯೂಟ, ಹತ್ತಿರ ಬಂದಿತ್ತು. ಕಡಿಯುವ ಕುದುರೆಯನ್ನು ಆರಿಸಿಯಾಗಿತ್ತು, ಗುಡಾರಗಳಿಗೆ ಹೇಳಿಯಾಗಿತ್ತು. ಬಂದವರಿಗೆಲ್ಲ ಹಂಚಲು ಕುಲದ ವಂಶಾವಳಿಯನ್ನು ಪುಸ್ತಕ ಮಾಡಿಸೋಣ ಎಂದು ಅತಾ ಹೇಳಿದಾಗ ಯಾರೂ ಬೇಡವೆನ್ನಲಿಲ್ಲ. ಆ ವಂಶಾವಳಿಯನ್ನು ಹಳ್ಳಿ ಹಳ್ಳಿ ತಿರುಗಿ ಕೂಡಿಸಿ, ತಾಣ ಕಟ್ಟಿ, ಅಂತರ್ಜಾಲಕ್ಕೆ ಹಾಕಿದವನು ಅವನೇ. ತಿದ್ದುಪಡಿಯಿದ್ದರೆ ಶುಕ್ರವಾರದೊಳಗೆ ಕೊಡಿ, ಇಲ್ಲದಿದ್ದರೆ ಇರುವುದನ್ನೇ ಅಚ್ಚು ಹಾಕುತ್ತೇವೆ ಎಂದು ಅಚ್ಚಿನವರು ಖಡಾಖಂಡಿತವಾಗಿ ಹೇಳಿದ್ದರು. ಅತಾ ಫೋನು ಮಾಡಿದ್ದು ಬುಧವಾರ.

"ನಾನು ಹೇಳ್ತಾ ಹೋಗ್ತೀನಿ, ನೀನು ಬರ್ಕೊಂಡು ಸೇರಿಸಿಬಿಡು" ಎಂದರು.

"ಬೇಡ ಅತಾ. ತಪ್ಪು ಎಲ್ಲಿದೆ ಅಂತ ಹುಡುಕ್ತೀನಿ. ನಮ್ಮನೇದು ಬಿಟ್ಟುಹೋಗಿದೆ ಅಂದ್ರೆ ಇನ್ಯಾರ್ಯಾರ ಮನೇದು ಬಿಟ್ಟುಹೋಗಿದೆಯೋ."

ಅದು ಸುಳ್ಳಲ್ಲ. ಆದರೆ ಇನ್ನೊಂದು ಕಾರಣವೂ ಇತ್ತು. ಕೈಯಿಂದ ಬರೆಯುವುದಾದರೆ ಕೊನೆಗೆ ಅವನ ಹೆಸರನ್ನೂ ನಾನೇ ಬರೆಯಬೇಕು. ಯಂತ್ರ ತಂದುಕೊಟ್ಟರೆ ನೋಡದೆಯೇ ಅಚ್ಚಿಗೆ ದಾಟಿಸಿಬಿಡಬಹುದು.

ವಿಶ್ವವಿದ್ಯಾಲಯದಲ್ಲಿ ನಾವಿಬ್ಬರೂ ಒಂದೇ ತರಗತಿಯವರು. ಮದುವೆಯಾದ ಮೇಲೂ ನಾನು ಅವನನ್ನು ಹೆಸರು ಹಿಡಿದೇ ಕೂಗುತ್ತಿದ್ದೆ, ಅತಾ ಎದುರಿಗೂ. ಸೊಸೆಯಾದವಳು ಗಂಡನ ಹೆಸರನ್ನೂ ಅವನ ಹಿರಿಯರ ಹೆಸರನ್ನೂ ಬಾಯಿಗೆ ತರಬಾರದೆಂದು ಅತ್ತೆ ಎಷ್ಟೋ ಸಲ ಹೇಳಿದರು. ಹಿರಿಯರ ಹೆಸರನ್ನು ಬಿಟ್ಟೆ, ಅವನದನ್ನು ಬಿಡಲಿಲ್ಲ. ಅವನು ಸತ್ತ ಮೇಲೆ ಆ ಹೆಸರು ಬಾಯಿಗೆ ಬರುವುದು ನಿಂತಿತು. ಯಾರೂ ತಡೆಯಲಿಲ್ಲ, ತಾನಾಗಿ ನಿಂತಿತು.

ತಾಣದ ಗುಪ್ತಪದ ಅವನೊಬ್ಬನಿಗೇ ಗೊತ್ತಿತ್ತು. ಹಾಗಾಗಿ ಈಗ ಪುಟಗಳನ್ನು ಯಾರು ಬೇಕಾದರೂ ಓದಬಹುದು, ಒಳಗೆ ಹೋಗಿ ತೆಗೆಯಲು ಯಾರಿಗೂ ಆಗದು. ನಾನು ಕಚೇರಿಯ ಸರ್ವರಿನಲ್ಲಿ ಪಿಎಚ್‌ಪಿಯಲ್ಲಿ ಒಂದು ಸ್ಕ್ರಿಪ್ಟ್ ಬರೆದಿದ್ದೆ, ಅಚ್ಚಿನವರ ಕರಡು ಅದರಿಂದಲೇ ಬಂದದ್ದು. ಅದು ಒಂದೊಂದೇ ಪುಟವನ್ನು ಹೊರಗಿನಿಂದ ತರುತ್ತದೆ. ಪುಟದ ಎಚ್‌ಟಿಎಂಎಲ್‌ನಲ್ಲಿ ಹೆಸರು ಎಂದು ಗುರುತು ಹಚ್ಚಿದ ಟ್ಯಾಗುಗಳನ್ನು ಹುಡುಕುತ್ತದೆ. ಟ್ಯಾಗೆಂದರೆ ಅಕ್ಷರಗಳ ಮುಂದೊಂದು ಹಿಂದೊಂದು ಹಾಕುವ ಗುರುತು, ಹಿಂದಿನದನ್ನು ಹಾಕುವುದೇ ಮುಚ್ಚುವುದು. ಅವುಗಳ ಒಳಗಿನ ಅಕ್ಷರಗಳನ್ನು ತೆಗೆದು, ಹುಟ್ಟಿದ ಸತ್ತ ವರ್ಷಗಳ ಜೊತೆ ಸರಣಿಗೆ ಹಾಕುತ್ತದೆ. ಸರಣಿಯೆಂದರೆ ಅಂಕೆ ಹಚ್ಚಿದ ಗೂಡುಗಳ ಸಾಲು, ಗೂಡಿಗೊಬ್ಬ ಮನುಷ್ಯ. ಕಡೆಯಲ್ಲಿ ಹೆಸರಿಲ್ಲದ ಗೂಡುಗಳನ್ನು ಖಾಲಿಯೆಂದು ಎಸೆದು, ಉಳಿದದ್ದನ್ನು ಅಚ್ಚಿಗೆ ಹೋಗುವ ಕಡತಕ್ಕೆ ಸುರಿಯುತ್ತದೆ. ಖಾಲಿ ಗೂಡು ಎಸೆಯುವ ಆಜ್ಞೆಯನ್ನು ನಾನು ಅಚ್ಚುಕಟ್ಟಿಗೆಂದು ಬರೆದಿದ್ದೆ. ನಮ್ಮ ಮನೆ ಸದ್ದಿಲ್ಲದೆ ಮಾಯವಾದದ್ದು ಅದರಿಂದಲೇ ಇರಬೇಕು ಅನ್ನಿಸಿತು.

ಆ ಆಜ್ಞೆಯನ್ನು ತೆಗೆದು ಮತ್ತೆ ಓಡಿಸಿದೆ. ನಮ್ಮ ಮನೆಯ ಸಾಲು ಪರದೆಗೆ ಬಂತು. ಗೂಡುಗಳೇನೋ ಇದ್ದವು. ಹುಟ್ಟಿದ ವರ್ಷ ಇತ್ತು, ಸತ್ತ ವರ್ಷ ಇತ್ತು, ಹೆಸರು ಒಂದರಲ್ಲೂ ಇರಲಿಲ್ಲ. ಬದುಕಿರುವವರ ಗೂಡಿನಲ್ಲಿ ಹುಟ್ಟಿದ ವರ್ಷ ಮಾತ್ರ ಇತ್ತು, ಕಡೆಯ ಗೂಡಿನಲ್ಲೂ ಅಷ್ಟೇ. ಅದು ಯಾರೆಂದು ನನಗೆ ಗೊತ್ತು. ಪರದೆಯನ್ನು ಮೇಲಕ್ಕೆ ಸರಿಸಿದೆ.

ಉಳಿದ ಕವಲುಗಳನ್ನೆಲ್ಲ ನೋಡಿದೆ. ಎಲ್ಲರೂ ಇದ್ದರು, ಕುದುರೆಕಳ್ಳರೂ ಇದ್ದರು. ಖಾಲಿಯಿದ್ದದ್ದು ನಮ್ಮದೊಂದೇ.

"ಮುಚ್ಚದ ಟ್ಯಾಗು ಇರಬೇಕು" ಎಂದ ಸ್ತಾಸ್. ಪಕ್ಕದ ಮೇಜಿನವನು. ನಾನು ಕಪ್ಪು ರುಮಾಲು ಕಟ್ಟಿಕೊಂಡು ಕಚೇರಿಗೆ ಬರತೊಡಗಿದಂದಿನಿಂದ ಅವನು ನನ್ನ ಮುಖ ನೋಡುವುದಿಲ್ಲ, ನನ್ನ ಪರದೆ ನೋಡಿ ಮಾತಾಡುತ್ತಾನೆ.

"ಇವೆ. ಲೆಕ್ಕವಿಲ್ಲದಷ್ಟು ಇವೆ."

"ಯಾರು ಬರೆದದ್ದು ಇದು? ಕುಡಿದು ಬರೆದಿದಾನಾ?"

ನಾನು ರುಮಾಲು ಸರಿಮಾಡಿಕೊಂಡೆ. ಸ್ವಲ್ಪ ಹೊತ್ತಿನ ಮೇಲೆ ಅವನಿಗೆ ಹೊಳೆಯಿತು. ಎದ್ದು ಹೋಗಿ ನನಗೂ ಒಂದು ಬಟ್ಟಲು ಚಾ ತಂದಿಟ್ಟ.

ನನ್ನ ಗಂಡ ಟ್ಯಾಗು ಮುಚ್ಚುತ್ತಿರಲಿಲ್ಲ. ಮನೆಯಲ್ಲಿ ಕೆನೆಯ ಡಬ್ಬಿ ಮುಚ್ಚುತ್ತಿರಲಿಲ್ಲ, ಬೀರು ಮುಚ್ಚುತ್ತಿರಲಿಲ್ಲ. ಬ್ರೌಸರು ಒಳ್ಳೆಯ ಹೆಂಡತಿಯ ಹಾಗೆ ಎಲ್ಲವನ್ನೂ ತಾನೇ ಮುಚ್ಚಿಕೊಂಡು ಪುಟವನ್ನು ನೇರವಾಗಿ ತೋರಿಸುತ್ತದೆ. ನನ್ನ ಸ್ಕ್ರಿಪ್ಟಿಗೆ ಆ ತಾಳ್ಮೆಯಿಲ್ಲ. ಒಂದೊಂದಾಗಿ ಮುಚ್ಚಿಸಿದೆ. ಖಾಲಿ. ಅಕ್ಷರಗಳ ಸಂಕೇತ ಬೇರೆಯಿರಬಹುದೆಂದು ಅದನ್ನು ಬದಲಿಸಿದೆ. ಅದುವರೆಗೆ ಸರಿಯಿದ್ದ ಕುದುರೆಕಳ್ಳರ ಹೆಸರುಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾದವು, ನಮ್ಮದು ಖಾಲಿಯೇ ಉಳಿಯಿತು. ಹಿಂದಕ್ಕೆ ಬದಲಿಸಿದೆ. ಟ್ಯಾಗಿನ ಲೆಕ್ಕವೇ ಬೇಡವೆಂದು ವರ್ಷಗಳ ಅಕ್ಕಪಕ್ಕದಲ್ಲಿರುವ ಅಕ್ಷರಗಳನ್ನು ಹುಡುಕಿಸಿದೆ. ಖಾಲಿ.

ಪುಟವನ್ನು ಬ್ರೌಸರಿನಲ್ಲಿ ತೆರೆದು ನೋಡಿದ್ದರೆ ಅರ್ಧ ನಿಮಿಷದ ಕೆಲಸ. ನಾನು ತೆರೆಯಲಿಲ್ಲ. ಅವನು ಹೋದ ಮೇಲೆ ಆ ತಾಣವನ್ನು ಒಮ್ಮೆಯೂ ತೆರೆದಿರಲಿಲ್ಲ. ಅಲ್ಲಿ ಅವನ ಮುಖವಿರಬಹುದು ಎನ್ನುವುದೊಂದೇ ಕಾರಣ. ಎಚ್‌ಟಿಎಂಎಲ್‌ಗೆ ಮುಖವಿರುವುದಿಲ್ಲ. ಅದರಲ್ಲಿ ಎಷ್ಟು ಹೊತ್ತು ಬೇಕಾದರೂ ಕೂರಬಹುದು.

ಸಂಜೆಗೆ ಬುರುಲ್ ಎಜೆಗೆ ಫೋನು ಮಾಡಿದೆ. ಎಜೆ ಎಂದರೆ ಅಕ್ಕ. ಅವಳು ನನ್ನ ಓರಗಿತ್ತಿ, ಗಂಡನ ಅಣ್ಣನ ಹೆಂಡತಿ. ಅತ್-ಬಾಶಿಯ ಶಾಲೆಯಲ್ಲಿ ಟೈಪಿಸ್ಟು. ಅವನು ತಾಣದ ಹಂದರ ಕಟ್ಟಿದ ಮೇಲೆ ಅಷ್ಟೂ ಪುಟಗಳಿಗೆ ಅಕ್ಷರ ತುಂಬಿದವಳು ಅವಳೇ.

"ಎಜೆ, ನಮ್ಮನೆ ಪುಟಕ್ಕೆ ಹೆಸರು ಹಾಕ್ಲಿಲ್ವಾ ನೀನು?"

"ತಡಿ, ಕೈಯೆಲ್ಲ ಹಿಟ್ಟು." ಫೋನು ಎಲ್ಲೋ ಬಿದ್ದ ಸದ್ದಾಯಿತು. "ಹೇಳು ಈಗ."

"ನಮ್ಮನೆಯವರ ಹೆಸರು. ಪುಟದಲ್ಲಿ ಇಲ್ಲ."

"ನಾನು ಹೆಂಗೆ ಹಾಕ್ಲಿ ಮಾರಾಯ್ತಿ? ದೊಡ್ಡಮನೆಯವರ ಹೆಸರು ನಾನು ಬರಿಯೋದಾ? ಮಾವನ ಹೆಸರು ಬರಿಯೋದಾ? ಮಕ್ಕಳ ಅಪ್ಪನ ಹೆಸರನ್ನ ಇಷ್ಟು ವರ್ಷ ಬಾಯಲ್ಲಿ ಹೇಳಿಲ್ಲ, ಬೆರಳಲ್ಲಿ ಹೇಳ್ಲಾ?"

ಆಗ ಅರ್ಥವಾಯಿತು. ದೂರದ ಕವಲುಗಳ ಹೆಸರುಗಳನ್ನು ಅವಳು ಸಲೀಸಾಗಿ ಟೈಪ್ ಮಾಡಿದ್ದಳು. ತನ್ನ ಗಂಡನ ಮನೆಯವರ ಹತ್ತಿರ ಬಂದಾಗ ಕೈ ನಿಂತಿತ್ತು. ಮೈದುನನನ್ನೂ ಅವಳು ಹೆಸರು ಹಿಡಿದು ಕರೆದವಳಲ್ಲ. ಅವನು ಅವಳಿಗೆ ಮಿರ್ಜಾ, ಅವಳು ಅವನಿಗೆ ಜೆಂಗೆ, ಅಂದರೆ ಅತ್ತಿಗೆ.

"ಹಂಗಾದ್ರೆ ಖಾಲಿ ಬಿಟ್ಟೆಯಾ?"

"ಜಾಗ ಬಿಟ್ಟೆ. ವರ್ಷ ಹಾಕಿದೆ. ಹೆಸರನ್ನ ತುಂಬ್ಕೋತೀನಿ ಅಂತ ಮಿರ್ಜಾ ಹೇಳ್ದ, ತುಂಬ್ದ."

"ತುಂಬಿಲ್ಲ ಎಜೆ."

"ತುಂಬಿದಾನೆ ಕಣೇ. ನಾನೇ ನೋಡಿದೀನಿ. ತೆರೆದು ನೋಡು."

"ನೋಡಿದೆ."

"ಸರಿಯಾಗಿ ನೋಡು. ಅಯ್ಯೋ, ಎಣ್ಣೆ ಹೊಗೆಯಾಡ್ತಿದೆ" ಎಂದು ಫೋನಿಟ್ಟಳು.

ನಾನು ನಂಬಲಿಲ್ಲ. ಅವಳು ಬೇರೆ ಯಾರದ್ದೋ ಪುಟ ನೋಡಿರಬೇಕು. ಇವನು ನಾಳೆ ತುಂಬುತ್ತೇನೆ, ನಾಡಿದ್ದು ತುಂಬುತ್ತೇನೆ ಎಂದುಕೊಂಡು ಮರೆತಿರಬೇಕು. ಇಡೀ ಕುಲದ ಮನೆಮನೆಗೆ ಹೋಗಿ ಯಾರ್ಯಾರದೋ ಮುತ್ತಜ್ಜನ ಹೆಸರು ಬರೆದುಕೊಂಡು ಬಂದವನು ತನ್ನ ಮನೆಯದನ್ನೇ ಬಿಟ್ಟಿದ್ದ. ನನಗೆ ಸಿಟ್ಟು ಬಂತು. ಅವನು ಸತ್ತ ದಿನದಿಂದ ಅಳು ಬಂದಿರಲಿಲ್ಲ, ಹಸಿವು ಸರಿಯಾಗಿ ಬಂದಿರಲಿಲ್ಲ, ಸಿಟ್ಟಂತೂ ಬಂದೇ ಇರಲಿಲ್ಲ. ಈಗ ಬಂತು. ಮುಚ್ಚದ ಟ್ಯಾಗು, ತುಂಬದ ಗೂಡು, ಹೇಳದೆ ಹೋದ ಗುಪ್ತಪದ. ಕೀಲಿಮಣೆಯನ್ನು ಮೇಜಿನ ಮೇಲೆ ಕುಕ್ಕಿದೆ. ಸ್ತಾಸ್ ಅತ್ತ ಕಡೆ ನೋಡಿದ.

ಅತಾಗೆ ಫೋನು ಮಾಡಿ ಹೇಳಿದೆ, "ಅವನೇ ಹೆಸರು ಹಾಕಿಲ್ಲ ಅತಾ. ಖಾಲಿ ಬಿಟ್ಟಿದಾನೆ."

ಅತಾ ಚಾ ಬಟ್ಟಲು ಕೆಳಗಿಟ್ಟ ಸದ್ದು ಕೇಳಿಸಿತು.

"ಸತ್ತವನ ಮೇಲೆ ಹೇಳ್ಬೇಡ ಸೊಸೆ. ಹೆಸರು ಇದೆ. ನಾನು ಎಷ್ಟೋ ಸಲ ನೋಡಿದೀನಿ."

"ಇಲ್ಲ ಅತಾ."

"ನಾಳೆ ಬರ್ತೀನಿ. ನಿನ್ನ ಯಂತ್ರಾನ ತೊಳೆದಿಡು."

ಮರುದಿನ ಮಧ್ಯಾಹ್ನ ಬಂದರು. ಬೆಳಗಿನ ಬಾಡಿಗೆ ಕಾರು ಹಿಡಿದು, ಅದೇ ಘಾಟಿ ದಾಟಿ, ಬಿಳಿ ಕಲ್ಪಾಕ್ ಟೊಪ್ಪಿಗೆಯಲ್ಲಿ, ಕಂಕುಳಲ್ಲಿ ಒಂದು ಬಾಟಲಿ ಕುಮಿಸ್, ಹುಳಿಬಂದ ಕುದುರೆಹಾಲು, ಇಟ್ಟುಕೊಂಡು. ಗಿರಾಕಿಗಳ ಕುರ್ಚಿಯಲ್ಲಿ ಕೂತರು. ಟೊಪ್ಪಿಗೆ ತೆಗೆಯಲಿಲ್ಲ. ಸ್ತಾಸ್ ಎದ್ದು ನಿಂತು ಎರಡೂ ಕೈ ಚಾಚಿ ಕೈಕುಲುಕಿದ.

"ನೀನು ಯಾವ ಕುಲದವನಪ್ಪ?"

"ನಾನು ರಷ್ಯನ್, ಅತಾ."

"ಅದು ಕಾಣುತ್ತೆ. ಏಳು ತಲೆಮಾರು ಹೇಳು, ನಮ್ಮಲ್ಲಿ ಎಲ್ರಿಗೂ ಗೊತ್ತಿರ್ಬೇಕು."

"ಎರಡು ಗೊತ್ತು. ಅಪ್ಪ, ತಾತ."

"ತಾತನ ಅಪ್ಪ?"

"ಯುದ್ಧದಲ್ಲಿ ಹೋದ್ರಂತೆ. ಹೆಸರು ಗೊತ್ತಿಲ್ಲ."

"ಕೂತ್ಕೋ" ಎಂದರು ಅತಾ, ಆಸ್ಪತ್ರೆಯಲ್ಲಿ ರೋಗಿಗೆ ಹೇಳುವ ಹಾಗೆ. ಅವನಿಗೂ ಒಂದು ಬಟ್ಟಲು ಕುಮಿಸ್ ಸುರಿದರು.

ಆಮೇಲೆ ಮಗಳ ಫೋನನ್ನು ಜೇಬಿನಿಂದ ತೆಗೆದು, ಬೆರಳಿಂದ ಬಹಳ ಹೊತ್ತು ಮೇಲಕ್ಕೆ ಕೆಳಕ್ಕೆ ಸರಿಸಿ, ನನ್ನ ಮುಂದೆ ಹಿಡಿದರು.

"ನೋಡು."

ನಾನು ಬಟ್ಟಲನ್ನು ನೋಡಿದೆ. "ಅತಾ, ಫೋನು ಹಳೇದನ್ನ ನೆನಪಿಟ್ಕೊಂಡು ತೋರಿಸುತ್ತೆ."

"ಹಳೇದನ್ನಲ್ದೆ ನಾಳೇದನ್ನ ನೆನಪಿಟ್ಕೊಳೋಕಾಗುತ್ತಾ? ಇಲ್ಲಿದಾರೆ ನಮ್ಮಪ್ಪ."

"ಪುಟದಲ್ಲಿ ಅಕ್ಷರಗಳಿಲ್ಲ. ನಾನು ಸಾಲು ಸಾಲಾಗಿ ನೋಡಿದೀನಿ."

"ನಾನು ಓದ್ತಿದೀನಲ್ಲ."

"ನಿಮಗೆ ಬಾಯಿಪಾಠ ಇದೆ, ಅದಕ್ಕೆ ಓದಿದ ಹಾಗೆ ಅನ್ಸುತ್ತೆ."

ಸ್ತಾಸ್ ಬಟ್ಟಲಿನಲ್ಲಿ ಮುಖ ಹುದುಗಿಸಿದ. ಯಾವ ಸೊಸೆಯೂ ಅತಾಗೆ ಹಾಗೆ ಹೇಳಿರಲಾರಳು. ನಾನು ಹೇಳಿದೆ. ಎರಡು ದಿನದಿಂದ ಒಂದೇ ಪುಟವನ್ನು ಬಗೆದು ಬಗೆದು ನನ್ನ ತಲೆ ಕೆಟ್ಟಿತ್ತು. ಎಲ್ಲರೂ ಇದೆ ಎನ್ನುತ್ತಾರೆ, ಸರಣಿ ಇಲ್ಲ ಎನ್ನುತ್ತದೆ. ಸರಣಿ ಸುಳ್ಳು ಹೇಳುವುದಿಲ್ಲ ಎನ್ನುವುದರ ಮೇಲೆಯೇ ನನ್ನ ಹೊಟ್ಟೆಪಾಡು ನಿಂತಿದೆ.

ಅತಾ ಫೋನನ್ನು ಕೆಳಗಿಟ್ಟರು.

"ನನಗೆ ವಯಸ್ಸಾಗಿದೆ ಸೊಸೆ, ಕುರುಡಾಗಿಲ್ಲ. ಕೆತ್ತಿರೋದು ಕಾಣ್ತಿದೆ. ಆ ಅಕ್ಷರ ಕೆತ್ತಿಸಿದವನೇ ನಾನು, ನರಿನ್ ಪಟ್ಟಣದವನ ಕೈಲಿ. ನರಿನ್‌ನವನು ಕಡೇ ಅಕ್ಷರ ಸೊಟ್ಟ ಮಾಡ್ದ, ಅದಕ್ಕೆ ಅವನ ಜೊತೆ ಜಗಳ ಆಡಿದ್ದೆ. ಆ ಸೊಟ್ಟಾನೂ ಕಾಣ್ತಿದೆ."

"ಯಾವುದರ ಮೇಲೆ ಕೆತ್ತಿರೋದು?"

"ಕಲ್ಲಿನ ಮೇಲೆ. ಇನ್ಯಾವುದರ ಮೇಲೆ ಕೆತ್ತುತಾರೆ?"

"ಯಾವ ಕಲ್ಲು ಅತಾ?"

"ಗೋರಿ ಕಲ್ಲು ಮಗಳೇ."

ನಾನು ನನ್ನ ಪರದೆಯ ಕಡೆ ತಿರುಗಿದೆ. ಸ್ಕ್ರಿಪ್ಟಿನ ತಲೆಗೆ ಹೋದೆ. ನಾನು ಬರೆದ ಮೊದಲನೆಯ ಸಾಲು ಅಲ್ಲಿತ್ತು. ಪುಟ ಬಂದ ಕೂಡಲೇ, ಬೇರೇನನ್ನು ಮಾಡುವ ಮೊದಲೇ, ಅದರಲ್ಲಿರುವ ಚಿತ್ರಗಳನ್ನೆಲ್ಲ ಕಿತ್ತುಹಾಕು ಎಂದು ಅದು ಹೇಳುತ್ತಿತ್ತು. ಪುಟಗಳ ತುಂಬ ಓಡುವ ಕುದುರೆ, ಮಿನುಗುವ ಧ್ವಜ, ಕಂಬಳಿಯ ಕೊಂಬಿನ ಚಿತ್ತಾರ ಇವೆ, ಹೆಸರಿಗೆ ಅಡ್ಡ ಬರುತ್ತವೆ ಎಂದುಕೊಂಡು ಅದನ್ನು ಬರೆದಿದ್ದೆ. ಹಾಗೆಂದು ನನಗೆ ನಾನೇ ಹೇಳಿಕೊಂಡಿದ್ದೆ. ಉಳಿದ ನೂರಾರು ಸಾಲುಗಳನ್ನು ಎರಡು ದಿನ ತಿದ್ದಿದವಳು ಆ ಒಂದು ಸಾಲಿನ ಹತ್ತಿರ ಹೋಗಿರಲಿಲ್ಲ.

ಅದನ್ನು ಅಳಿಸಿ ಓಡಿಸಿದೆ. ನಮ್ಮ ಮನೆಯ ಗೂಡುಗಳಲ್ಲಿ ಏನೋ ಬಂತು. ಹೆಸರಲ್ಲ. ಪ್ರತಿ ಗೂಡಿನಲ್ಲೂ ಒಂದು ಚಿತ್ರದ ವಿಳಾಸ, ಕ್ಯಾಮೆರಾ ತನ್ನ ಪಾಡಿಗೆ ಕೊಡುವ ಬರೀ ಅಂಕೆಗಳು.

ಬುರುಲ್ ಎಜೆಗೆ ಮತ್ತೆ ಫೋನು ಮಾಡಿದೆ. ಅತಾ ಕೇಳಿಸಿಕೊಳ್ಳಲೆಂದು ದನಿ ದೊಡ್ಡದು ಮಾಡಿದೆ.

"ಹೂಂ, ಫೋಟೋನೇ" ಎಂದಳು. "ನಾನೇನು ಅಂದೆ? ತೆರೆದು ನೋಡು ಅಂದೆ. ನನಗೆ ಬರಿಯಕ್ಕಾಗಲ್ಲ ಅಂದಾಗ ಮಿರ್ಜಾ ನಗಾಡಿದ. ಜೆಂಗೆ, ನೀವು ಬರೀಬೇಡಿ, ನಾನೂ ಬರಿಯಲ್ಲ, ಅವರವರ ಹೆಸರನ್ನ ಅವರವರೇ ತೋರಿಸ್ಲಿ ಅಂದ. ಆ ವಸಂತದಲ್ಲಿ ಕುದುರೆ ಹತ್ತಿ ಗೋರಿಗಳನ್ನೆಲ್ಲ ಸುತ್ತಿದ್ದೇ ಸುತ್ತಿದ್ದು. ಬಟ್ಟೆ ತುಂಬ ಪಾಚಿ ಮಾಡ್ಕೊಂಡು ಬರೋನು."

"ಬದುಕಿರೋರದ್ದು?" ಎಂದು ಅತಾ ಕೇಳಿದರು.

ಎಜೆಯ ದನಿ ತಟ್ಟನೆ ತಗ್ಗಿತು. "ಅತಾ ಅಲ್ಲೇ ಇದಾರಾ? ನಿಮ್ಮದು ಗೇಟಿನ ಮೇಲಿನ ಹಲಗೆ ಅತಾ. ಮಕ್ಕಳ ಅಪ್ಪಂದು ಕುಸ್ತಿಯಲ್ಲಿ ಗೆದ್ದ ಬಹುಮಾನದ ಪತ್ರ, ಗೋಡೆ ಮೇಲಿಂದು."

"ಅವನದು ಎರಡನೇ ಬಹುಮಾನ" ಎಂದರು ಅತಾ.

"ಹೆಸರು ದೊಡ್ಡದಾಗೇ ಇದೆ ಅತಾ."

ನಾನು ಹೇಳಿದೆ, ಯಂತ್ರಕ್ಕೆ ಕಲ್ಲು ಓದಲು ಬರುವುದಿಲ್ಲ, ಅದೂ ಓರೆಯಾದ ಕಲ್ಲು, ಪಾಚಿ ಹಿಡಿದ ಕಲ್ಲು. ಒಬ್ಬರು ನೋಡಿ ಟೈಪ್ ಮಾಡಲೇಬೇಕು.

"ನಾನು ಮಾಡ್ಲಾ?" ಎಂದ ಸ್ತಾಸ್.

"ಎರಡು ತಲೆಮಾರು ಗೊತ್ತಿರೋನು ನಮ್ಮ ಏಳನ್ನ ಮುಟ್ಬೇಡಪ್ಪ" ಎಂದರು ಅತಾ. ಆಮೇಲೆ ನನ್ನನ್ನು ನೋಡಿದರು. "ನೀನೂ ಸೊಸೆಯೇ. ಟೈಪ್ ಮಾಡೋದು ಹೇಳಿದ ಹಾಗಾ, ಅಲ್ವಾ?"

"ಹೇಳಿದ ಹಾಗೇ ಅತಾ" ಎಂದಳು ಫೋನಿನಲ್ಲಿ ಬುರುಲ್ ಎಜೆ. "ನಾನಂತೂ ಮಾಡಲ್ಲ. ಅವಳು ಪಟ್ಟಣದಲ್ಲಿ ಓದಿದವಳು, ಅವಳ ಬೆರಳು ಅವಳಿಷ್ಟ. ಆದ್ರೂ ನ್ಯಾಯ ನೋಡಿ. ಪುಸ್ತಕದಲ್ಲಿ ನಮ್ಮ ಹೆಂಗಸರ ಹೆಸರು ಹೆಂಗೂ ಇರಲ್ಲ, ಅವರ ಹೆಸರನ್ನ ನಾವು ಹೇಳಂಗಿಲ್ಲ, ಪುಸ್ತಕ ಮಾತ್ರ ನಾವೇ ಮಾಡ್ಬೇಕು."

"ಹಿಟ್ಟು ಕಲಸು ಹೋಗು" ಎಂದರು ಅತಾ. ಆದರೆ ಗಡ್ಡದೊಳಗೆ ನಗು ಬಂದಿತ್ತು. ಎಜೆ ಫೋನಿಟ್ಟಳು. "ಹಿಂಗೆ ಮಾಡೋಣ. ಬಾಯಲ್ಲಿ ನಾನು ಹೇಳ್ತೀನಿ. ನಿನ್ನ ಬಾಯಿ ಮುಚ್ಚಿರ್ಲಿ. ಬೆರಳಿನ ಪಾಪ ನನಗಿರ್ಲಿ."

ಕುರ್ಚಿಯನ್ನು ನನ್ನ ಪಕ್ಕಕ್ಕೆ ಎಳೆದುಕೊಂಡರು. ನಾನು ಒಂದೊಂದೇ ಚಿತ್ರ ತೆರೆದೆ. ಕಲ್ಲು, ಅದರ ಸುತ್ತ ಹುಲ್ಲು, ಹಿಂದೆ ಅದೇ ಬೆಟ್ಟ. ಕೆಲವು ಚಿತ್ರಗಳಲ್ಲಿ ಕಲ್ಲಿನ ಮೇಲೆ ಅವನ ನೆರಳು ಬಿದ್ದಿತ್ತು. ಅತಾ ಹೆಸರು ಹೇಳಿದರು, ನಾನು ಟೈಪ್ ಮಾಡಿದೆ. ಆ ಹೆಸರುಗಳನ್ನು ನಾನು ಇಲ್ಲಿಯೂ ಬರೆಯುವುದಿಲ್ಲ. ಪ್ರತಿ ಹೆಸರಿನ ಹಿಂದೆಯೂ ಒಂದು ಮಾತಿರುತ್ತಿತ್ತು. ಇವರು ಚೀನಾಕ್ಕೆ ಓಡಿಹೋಗಿ ವಾಪಸ್ಸು ಬಂದವರು. ಇವರಿಗೆ ಒಂದು ಕಿವಿ ಇರಲಿಲ್ಲ. ಇವರು ನಮ್ಮಪ್ಪ, ಅಕ್ಷರ ಸೊಟ್ಟಗಿದೆ, ನೀನು ಸೊಟ್ಟ ಬರೀಬೇಡ. ತಮ್ಮ ಗೇಟಿನ ಹಲಗೆ ಬಂದಾಗ, "ಬಣ್ಣ ಹೊಡೆಸ್ಬೇಕು" ಎಂದರು. ನನ್ನ ಮಾವನ ಕಲ್ಲು ಬಂದಾಗ ಹೆಸರನ್ನಷ್ಟೇ ಹೇಳಿ ಟೊಪ್ಪಿಗೆ ಸರಿಮಾಡಿಕೊಂಡರು.

ಕಡೆಯ ಗೂಡಿಗೆ ಬಂದೆವು. ಸತ್ತ ವರ್ಷ ಇನ್ನೂ ಬರೆಯದ ಗೂಡು.

"ತೆಗಿ" ಎಂದರು ಅತಾ.

ತೆಗೆದೆ. ಮುಖವಿರಲಿಲ್ಲ. ಅವನಿಗೆ ಆಗ ಕಲ್ಲಿರಲಿಲ್ಲ, ಗೇಟಿರಲಿಲ್ಲ, ಬಹುಮಾನವೂ ಬಂದಿರಲಿಲ್ಲ. ಕಾರಿನ ಹಿಂದಿನ ಗಾಜಿನ ಮೇಲೆ ಕೂತಿದ್ದ ಧೂಳಿನಲ್ಲಿ ಬೆರಳಿಂದ ತನ್ನ ಹೆಸರು ಬರೆದು ಅದರ ಫೋಟೊ ತೆಗೆದಿದ್ದ. ಧೂಳು ಹೋದ ಕಡೆಯಲ್ಲಿ, ಅಕ್ಷರಗಳ ಒಳಗೆ, ಕ್ಯಾಮೆರಾ ಹಿಡಿದ ಅವನ ಮೊಣಕೈ ತುಂಡು ತುಂಡಾಗಿ ಕಾಣುತ್ತಿತ್ತು. ಅದೇ ಕಾರು.

ನಾನು ಕೀಲಿಮಣೆಯ ಮೇಲೆ ಕೈಯಿಟ್ಟು ಕಾದೆ. ಅತಾ ಹೇಳಲಿಲ್ಲ.

"ಅತಾ?"

"ಇದನ್ನ ನಾನು ಹೇಳಲ್ಲ."

"ನೀವು ಹೇಳ್ತೀನಿ ಅಂದ್ರಿ."

"ಉಳಿದವರದ್ದು ಹೇಳ್ದೆ. ಇವನು ನನಗಿಂತ ಕೆಳಗಿನವನು, ನನಗಿಂತ ಮೊದಲೇ ಹೋದ. ನನ್ನ ಹೆಸರನ್ನ ಇವನು ಹೇಳಿ ಬರೆಸ್ಬೇಕಾಗಿತ್ತು. ನಾನು ಇವನದ್ದು ಬರೆಸೋದು ಅಂತ ಇಲ್ಲ. ಬಾಯಿ ಬರಲ್ಲ."

"ಹಂಗಾದ್ರೆ ಸುಮ್ನೆ ಟೈಪ್ ಮಾಡ್ತೀನಿ."

"ಉಳಿದವರನ್ನೆಲ್ಲ ಕೂಗಿ ಒಳಗೆ ಕರ್ಕೊಂಡ್ವಿ. ಇವನೊಬ್ಬನ್ನ ಕಳ್ಳನ ಹಾಗೆ ಸೇರಿಸೋದಾ?" ಫೋನನ್ನು ಜೇಬಿಗೆ ಹಾಕಿಕೊಂಡರು. "ನೀನು ಹೇಳು. ನಮ್ಮಂಗಳದಲ್ಲಿ ನಿಂತು ಊರಿಗೆಲ್ಲ ಕೇಳೋ ಹಾಗೆ ಕೂಗ್ತಿದ್ದೆಯಲ್ಲ. ಆಗ ಯಾರ ಮಾತು ಕೇಳಿದೆ? ಈಗ ಮಾತ್ರ ಎಲ್ಲಿಂದ ಬಂತು ಈ ಸಂಕೋಚ?"

ಹೊರಗೆ ಟ್ರಾಲಿಬಸ್ಸು ನಿಂತು ಹೊರಟಿತು. ಸ್ತಾಸ್ ತನ್ನ ಪರದೆಯನ್ನು ನೋಡುತ್ತಿದ್ದ. ಅದರಲ್ಲಿ ಏನೂ ಇರಲಿಲ್ಲ. ನಾನು ಬಾಯಿ ತೆರೆದೆ. 

"ಎರ್ಮೆಕ್" ಎಂದೆ.

"ಕೇಳಿಸ್ಲಿಲ್ಲ."

ಅತಾ ಕಿವಿ ಚುರುಕು. ಬೆಟ್ಟದಾಚೆಯ ಕುದುರೆ ತಮ್ಮದೋ ಪಕ್ಕದ ಮನೆಯದೋ ಎಂದು ಕೆನೆತದಲ್ಲೇ ಹೇಳಬಲ್ಲವರು.

"ಎರ್ಮೆಕ್."

"ಹೂಂ. ಬರಿ."

ಬರೆದೆ. ಎರಡು ಸಲ ತಪ್ಪಾಯಿತು, ಅಳಿಸಿ ಬರೆದೆ. ಆಮೇಲೆ ಹುಟ್ಟಿದ ವರ್ಷದ ಪಕ್ಕದಲ್ಲಿ ಸತ್ತ ವರ್ಷವನ್ನು ಹಾಕಿದೆ. ಅದನ್ನು ಯಾರೂ ಹೇಳಬೇಕಾಗಿರಲಿಲ್ಲ. ಖಾಲಿ ಗೂಡು ಎಸೆಯುವ ಆಜ್ಞೆಯನ್ನು ಮತ್ತೆ ಸೇರಿಸಿ ಓಡಿಸಿದೆ. ಎಸೆಯಲು ಏನೂ ಸಿಗಲಿಲ್ಲ. ಕಡತ ಅಚ್ಚಿಗೆ ಹೋಯಿತು.

ಅತಾ ಎದ್ದರು. ಉಳಿದ ಕುಮಿಸ್ಸನ್ನು ಸ್ತಾಸ್‌ಗೆ ಕೊಟ್ಟು, ತಾತನ ಅಪ್ಪನ ಹೆಸರು ಹುಡುಕು, ಯುದ್ಧದವರ ಪಟ್ಟಿ ಎಲ್ಲಾದರೂ ಇರುತ್ತೆ ಎಂದರು. ಬಾಗಿಲ ಹತ್ತಿರ ನಿಂತು ನನ್ನ ಕಡೆ ತಿರುಗಿದರು.

"ಬುರುಲ್‌ಗೆ ಹೇಳ್ಬೇಡ, ನನ್ನೆದುರಿಗೆ ಹೆಸರು ಹೇಳ್ದೆ ಅಂತ. ನಾಳೆ ಅವಳೂ ಶುರು ಮಾಡ್ತಾಳೆ. ಆ ಕುಸ್ತಿಯವನ ಹೆಸರನ್ನ ದಿನವಿಡೀ ಕೇಳೋ ಶಕ್ತಿ ನನಗಿಲ್ಲ."

ಅವರು ಹೋದ ಮೇಲೆ ಸ್ತಾಸ್ ಕೇಳಿದ, "ಆ ಫೋಟೊ ಮುಚ್ಚಲ್ವಾ?" ಈ ಸಲ ನನ್ನ ಮುಖ ನೋಡಿ ಕೇಳಿದ.

"ಇರ್ಲಿ."

ಕಚೇರಿ ಬಿಡುವ ಹೊತ್ತಿಗೆ ಅಚ್ಚಿನವನು ಫೋನು ಮಾಡಿದ. ಗೊಣಗುತ್ತಿದ್ದ.

"ಏನ್ರೀ ಇದು, ಕಡೇ ಗಳಿಗೇಲಿ. ಒಂದು ಮನೆ ಜಾಸ್ತಿಯಾಗಿದೆ. ನಾನು ಪುಟಗಳನ್ನೆಲ್ಲ ಜೋಡಿಸಿಯಾಗಿತ್ತು. ಇದನ್ನ ನಡುವೆ ತೂರಿಸಿದ್ರೆ ಮುಂದಿನದೆಲ್ಲ ಸರಿಯುತ್ತೆ."

"ಸರೀಲಿ."

"ಸರೀಲಿ ಅಂದ್ರೆ ಆಯ್ತಾ? ರಾತ್ರಿಯೆಲ್ಲ ಕೂರ್ಬೇಕು ನಾನು. ಯಾರ ಮನೆ ಇದು, ಇದ್ದಕ್ಕಿದ್ದ ಹಾಗೆ?"

"ಎರ್ಮೆಕ್ ಮನೆ" ಎಂದೆ.